ಐದೂವರೆ ಮನೆ ಮತ್ತು ‘ಕಾಳಿ ಚಾರ್’ ಬೇರೆಬೇರೆಯೇ?

ಬೆಂಗಳೂರಲ್ಲಿ ಐದೂವರೆ ಮನೆ (ಮನೆ ಎಂದರೆ ಹಾರ್ಮೋನಿಯಂ ಕೀಲಿ) ಶ್ರುತಿಗೆ ಹಾಡುತ್ತಿದ್ದ ಮಗಳಿಗೆ ಪುಣೆಯ ಹಿಂದೂಸ್ತಾನಿ ಕ್ಲಾಸಿನಲ್ಲಿ ‘ಕಾಳಿ ಚಾರ್’ (ಕಪ್ಪು ನಾಲ್ಕು) ಪಟ್ಟಿ, ಅಂದರೆ ಶ್ರುತಿ, ಎನ್ನುತ್ತಾರೆ, ಮನೆಯ ಹಳೇ ಹಾರ್ಮೋನಿಯಂ ಮೊಬೈಲ್ ತಂಬೂರಿಗೆ ಕೂಡುತ್ತಿಲ್ಲ, ಶ್ರುತಿಗೆ ಕಾನೂನು ಏನಾದರೂ ಇದೆಯೇ ಎಂದು ಕೇಳಿದ್ದೀರಿ.

ಗಾಬರಿ ಬೇಡ, ಎರಡೂ ಒಂದೇ. ಎಣಿಸುವ ಕ್ರಮವಷ್ಟೇ ಬೇರೆ. ಹಿಂದೂಸ್ತಾನಿಯಲ್ಲಿ, ಪಾಶ್ಚಾತ್ಯರು ಸಿ ಎನ್ನುವ ಮನೆಯಿಂದ ಶುರುಮಾಡಿ ಬಿಳಿ ಮನೆಗಳನ್ನು 1ರಿಂದ 7, ಕಪ್ಪು ಮನೆಗಳನ್ನು ಪ್ರತ್ಯೇಕವಾಗಿ 1ರಿಂದ 5 ಎಣಿಸುತ್ತಾರೆ. ಕರ್ನಾಟಕ ಪದ್ಧತಿಯಲ್ಲಿ ಬಿಳಿಗೆ ಪೂರ್ಣಸಂಖ್ಯೆ, ಕಪ್ಪಿಗೆ ಅದರ ಹಿಂದಿನ ಬಿಳಿಯ ಮೇಲೆ ಅರ್ಧ. 3 ಮತ್ತು 4ರ ನಡುವೆ ಕಪ್ಪು ಮನೆಯೇ ಇಲ್ಲ, ಹಾಗಾಗಿ ಮೂರೂವರೆ ಎಂಬುದಿಲ್ಲ. ಬಹಳಷ್ಟು ಜನ ಎಡವುವುದು ಇಲ್ಲೇ: ಕಪ್ಪು 4 ಅಂದರೆ ನಾಲ್ಕೂವರೆ ಎಂದುಕೊಳ್ಳುತ್ತಾರೆ. ನಾಲ್ಕೂವರೆ ಕಪ್ಪು 3. ಕಪ್ಪು 4 ಐದೂವರೆ, ಅಂದರೆ ಜಿ ಶಾರ್ಪ್.

ಆ ಪಟ್ಟಿಯಲ್ಲಿ ಶುದ್ಧ ಸ್ವರಗಳ ಬೆರಳು ಹೀಗೆ: ಸ ಕಪ್ಪು 4, ರಿ ಕಪ್ಪು 5, ಗ ಮೇಲಿನ ಬಿಳಿ 1, ಮ ಕಪ್ಪು 1, ಪ ಕಪ್ಪು 2, ಧ ಬಿಳಿ 4, ನಿ ಬಿಳಿ 5. ತಬಲಾದವರಿಗೂ ಇದನ್ನೇ ಹೇಳಿ. ಪಂಚಮಕ್ಕೆ (ಪ) ಕೂಡಿಸುವುದಾದರೆ ಕಪ್ಪು 2ರ ತಬಲಾ ಬೇಕು, ಮಾಲಕಂಸದಂಥ ಪಂಚಮವಿಲ್ಲದ ರಾಗಕ್ಕೆ ಮಧ್ಯಮದ (ಮ) ಕಪ್ಪು 1.

ಹಿಂದೂಸ್ತಾನಿ ಸ್ವರಗಳನ್ನು ಬರೆಯುವ ಭಾತಖಂಡೆ ಲಿಪಿಯಲ್ಲಿ ಪಟ್ಟಿಯ ಸುಳಿವೇ ಇರುವುದಿಲ್ಲ. ಕೋಮಲ (ಇಳಿಸಿದ) ಸ್ವರಕ್ಕೆ ಅಡಿಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೊಂದು ನಿಲುಗೆರೆ, ಅಷ್ಟೇ. ‘ಸ’ ಹಾಡುವವರ ‘ಸ’. ಐದು ಗೆರೆಗಳ ಪಾಶ್ಚಾತ್ಯ ಸ್ಟಾಫ್ ಲಿಪಿಯಲ್ಲಿ ಮಾತ್ರ ಪಟ್ಟಿ ಬರಹದಲ್ಲೇ ಬರುತ್ತದೆ. ಇದೇ ಶುದ್ಧ ಸ್ವರಗಳನ್ನು ಅಲ್ಲಿ ಎ ಫ್ಲ್ಯಾಟ್ (ಜಿ ಶಾರ್ಪ್ ಮನೆಗೇ ಇನ್ನೊಂದು ಹೆಸರು) ಮೇಜರ್ ಎಂದು 4 ಫ್ಲ್ಯಾಟ್ (ಇಳಿಕೆಯ ಗುರುತು) ಹಾಕಿ ಬರೆಯುತ್ತಾರೆ.

ಕಾನೂನಿನ ಪ್ರಶ್ನೆ ಚೆನ್ನಾಗಿದೆ. ಫ್ರಾನ್ಸ್ 1859ರಲ್ಲಿ ಸರ್ಕಾರಿ ಆಜ್ಞೆ ಹೊರಡಿಸಿ ಎ ಸ್ವರವನ್ನು (ಬಿಳಿ 6) 435 ಹರ್ಟ್ಝ್‌ಗೆ, ಅಂದರೆ ಸೆಕೆಂಡಿಗೆ 435 ಕಂಪನಕ್ಕೆ, ನಿಗದಿ ಮಾಡಿತು. 1885ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಯುದ್ಧ ಮುಗಿಸಿದ 1919ರ ವರ್ಸೈ ಒಡಂಬಡಿಕೆಯ 282ನೇ ವಿಧಿಯಲ್ಲೂ ಆ ಒಪ್ಪಂದದ ಹೆಸರಿದೆ! ಈಗ ಬಳಕೆಯಲ್ಲಿರುವ 440 ಮಾತ್ರ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 16 ಮಾನದಂಡ, ಶಾಸನವಲ್ಲ.

ನಿಮ್ಮ ಹಾರ್ಮೋನಿಯಂ ಕೂಡದಿರುವುದಕ್ಕೂ ಇದಕ್ಕೂ ನಂಟಿರಬಹುದು: ಹಳೇ ಪೆಟ್ಟಿಗೆ 435ರ ಲೆಕ್ಕದ್ದು, ಆ್ಯಪ್ 440ರದ್ದು ಆಗಿರಬಹುದು. 440ರ ಲೆಕ್ಕದಲ್ಲಿ ಕೆಳಗಿನ ಕಪ್ಪು 4 ಸುಮಾರು 207.7 ಹರ್ಟ್ಝ್, 435ರ ಲೆಕ್ಕದಲ್ಲಿ 205.3. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ದನಿ ಏರಿಳಿಯುತ್ತದೆ. ಮೊದಲು ಟ್ಯೂನರ್ ಆ್ಯಪ್ ಹಿಡಿದು ಪ್ರತಿ ಮನೆಯನ್ನೂ ಒಂದೇ ಒತ್ತಡದ ಗಾಳಿಯಲ್ಲಿ ನೋಡಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಪೆಟ್ಟಿಗೆ ಮುಟ್ಟಬೇಡಿ, ತಂಬೂರಿ ಆ್ಯಪಿನ ಶ್ರುತಿಯನ್ನೇ ಅಷ್ಟು ತಗ್ಗಿಸಿ. ಒಂದೆರಡು ಮಾತ್ರ ತಪ್ಪಿದ್ದರೆ ಮೊದಲು ರೀಡಿನ (ಗಾಳಿಗೆ ಕಂಪಿಸಿ ದನಿ ಕೊಡುವ ಹಿತ್ತಾಳೆ ಪಟ್ಟಿ) ಧೂಳು ತೆಗೆಸಿ, ಆಮೇಲೆ ರಿಪೇರಿಯವರಿಂದ ಕೆರೆಸಿ: ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ, ಹಾಗಾಗಿ ಮನೆಯಲ್ಲಿ ನೀವೇ ಕೈ ಹಾಕಬೇಡಿ.