ಅಲಾಯ್ ಚಕ್ರಗಳನ್ನು ಕಪ್ಪಾಗಿಸುವ ಪುಡಿ: ಯಾವ ಬ್ರೇಕ್ ಪ್ಯಾಡ್ ಹಾಕಿಸಬೇಕು?

ಪ್ರಶ್ನೆ: ನನ್ನದು ಯುರೋಪಿನ ಕಂಪನಿಯೊಂದರ ಆಟೊಮ್ಯಾಟಿಕ್ ಪೆಟ್ರೋಲ್ ಸೆಡಾನ್. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ. ವಾರದ ದಿನಗಳಲ್ಲಿ ರಾಜಾಜಿನಗರದಿಂದ ವೈಟ್‌ಫೀಲ್ಡ್‌ಗೆ ಹೋಗಿಬರುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದಿದೆ. ಭಾನುವಾರ ತೊಳೆದ ಮುಂದಿನ ಅಲಾಯ್ ಚಕ್ರಗಳು ಬುಧವಾರದ ಹೊತ್ತಿಗೆ ಮಸಿ ಬಳಿದಂತಾಗುತ್ತವೆ. ಈಗ ಮುಂದಿನ ಪ್ಯಾಡ್‌ಗಳನ್ನು ಬದಲಿಸುವ ಸಮಯ ಬಂದಿದೆ. ಸೆರಾಮಿಕ್ ಪ್ಯಾಡ್ ಹಾಕಿಸಿದರೆ ಪುಡಿ ಬೀಳುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಅದರಿಂದ ಬ್ರೇಕಿನ ಹಿಡಿತ ಹೋಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೆದರಿಸುತ್ತಾರೆ. ಏನು ಮಾಡಲಿ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಓಡಾಟದ ರೀತಿಗೆ ಒಳ್ಳೆಯ ತಯಾರಕರ ಸೆರಾಮಿಕ್ ಪ್ಯಾಡ್‌ಗಳನ್ನು ಧೈರ್ಯವಾಗಿ ಹಾಕಿಸಬಹುದು. ಪುಡಿ ಪೂರ್ತಿ ನಿಲ್ಲುವುದಿಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಮೆಕ್ಯಾನಿಕ್ ಅವರ ಆತಂಕಕ್ಕೂ ಆಧಾರವಿದೆ. ಅದು ಎಲ್ಲಿ ಅನ್ವಯಿಸುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಡಿಸ್ಕಿನ ಸ್ಥಿತಿಯನ್ನು ನೋಡದೆ ಪ್ಯಾಡ್ ಮಾತ್ರ ಬದಲಿಸಿದರೆ ಕೊಟ್ಟ ಹಣಕ್ಕೆ ತಕ್ಕ ಫಲ ಸಿಗುವುದಿಲ್ಲ ಎಂಬುದು ಗಮನದಲ್ಲಿರಲಿ.

ಚಕ್ರದ ಮೇಲೆ ಕೂರುವ ಕಪ್ಪು ಪುಡಿ ಪ್ಯಾಡಿನಿಂದ ಮಾತ್ರ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದರಲ್ಲಿ ಎರಕದ ಕಬ್ಬಿಣದ ಡಿಸ್ಕಿನ ಸವೆತವೂ ದೊಡ್ಡ ಪ್ರಮಾಣದಲ್ಲಿ ಸೇರಿರುತ್ತದೆ. ಯುರೋಪಿನ ಕಾರುಗಳಿಗೆ ಕಾರ್ಖಾನೆಯಲ್ಲಿಯೇ ಹಾಕಿ ಕಳಿಸುವ ಪ್ಯಾಡ್‌ಗಳು ಬಹುಮಟ್ಟಿಗೆ 'ಲೋ-ಮೆಟಾಲಿಕ್' ಎಂಬ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಉಕ್ಕಿನ ನಾರು ಮತ್ತು ಉಜ್ಜುವ ಗುಣದ ಗಟ್ಟಿ ಕಣಗಳಿರುತ್ತವೆ. ಅವು ಪ್ರತಿ ಸಲವೂ ಡಿಸ್ಕಿನ ಮೇಲ್ಮೈಯನ್ನು ತುಸು ಕೆರೆದುಕೊಂಡೇ ಹಿಡಿತ ಪಡೆಯುತ್ತವೆ. ವೇಗದ ಮಿತಿಯಿಲ್ಲದ ಜರ್ಮನಿಯ ಹೆದ್ದಾರಿಗಳಲ್ಲಿ 200 ಕಿ.ಮೀ. ವೇಗದಿಂದ ಪದೇ ಪದೇ ನಿಲ್ಲಿಸಬೇಕಾಗಿ ಬಂದರೂ ಹಿಡಿತ ತಪ್ಪಬಾರದು, ಪೆಡಲ್ ಮುಟ್ಟಿದ ಕೂಡಲೇ ಗಾಡಿ ಸ್ಪಂದಿಸಬೇಕು ಎಂಬ ಉದ್ದೇಶದಿಂದ ಅಲ್ಲಿನ ಎಂಜಿನಿಯರುಗಳು ಈ ಮಿಶ್ರಣವನ್ನು ಆರಿಸಿಕೊಂಡರು, ಮತ್ತು ಅದರ ಬೆಲೆಯಾಗಿ ಪುಡಿಯನ್ನೂ ಡಿಸ್ಕಿನ ಬೇಗನೆಯ ಸವೆತವನ್ನೂ ಒಪ್ಪಿಕೊಂಡರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ತೆವಳುವವರಿಗೆ ಆ ಸಾಮರ್ಥ್ಯದಿಂದ ಲಾಭವಿಲ್ಲ, ಪುಡಿ ಮಾತ್ರ ಪಾಲಿಗೆ ಬರುತ್ತದೆ.

ಸೆರಾಮಿಕ್ ಪ್ಯಾಡ್ ಹಿಡಿಯುವ ರೀತಿಯೇ ಬೇರೆ. ಅದು ಡಿಸ್ಕಿನ ಮೇಲೆ ತನ್ನದೇ ವಸ್ತುವಿನ ಅತಿ ತೆಳುವಾದ ಪದರವೊಂದನ್ನು ಕೂರಿಸಿಕೊಂಡು, ಆ ಪದರದ ಮೇಲೆ ಉಜ್ಜಿ ಹಿಡಿತ ಪಡೆಯುತ್ತದೆ. ಹೀಗಾಗಿ ಕಬ್ಬಿಣ ಕಡಿಮೆ ಸವೆಯುತ್ತದೆ. ಬೀಳುವ ಪುಡಿಯ ಬಣ್ಣ ತಿಳಿಯಾಗಿರುತ್ತದೆ, ಚಕ್ರಕ್ಕೆ ಅಂಟಿಕೊಳ್ಳುವುದೂ ಕಡಿಮೆ. ಜಪಾನಿನ ಹಲವು ಕಾರುಗಳಿಗೆ ಹಾಕುವ, ಕಲ್ನಾರಿಲ್ಲದ ಸಾವಯವ ಪ್ಯಾಡ್‌ಗಳೂ ಹೆಚ್ಚು ಕಡಿಮೆ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಪೊಟ್ಟಣದ ಮೇಲೆ 'ಸೆರಾಮಿಕ್' ಎಂದು ಅಚ್ಚು ಹಾಕಿದ ಮಾತ್ರಕ್ಕೆ ಒಳಗಿನ ಮಿಶ್ರಣ ಒಳ್ಳೆಯದೆಂದು ಅರ್ಥವಲ್ಲ. ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರುಗಳಲ್ಲಿರುವ ಕಾರ್ಬನ್-ಸೆರಾಮಿಕ್ ಡಿಸ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈಗ ಮೆಕ್ಯಾನಿಕ್ ಅವರ ಮಾತಿಗೆ ಬರೋಣ. ಲೋ-ಮೆಟಾಲಿಕ್ ಪ್ಯಾಡಿಗೆ ಒಗ್ಗಿದ ಕಾಲಿಗೆ ಸೆರಾಮಿಕ್ ಪ್ಯಾಡಿನ ಮೊದಲ ಕಚ್ಚು ತುಸು ಮೆದುವಾಗಿ ತೋರುತ್ತದೆ; ಅಷ್ಟೇ ವೇಗ ಇಳಿಸಲು ಪೆಡಲನ್ನು ಸ್ವಲ್ಪ ಹೆಚ್ಚು ಒತ್ತಬೇಕಾಗಬಹುದು. ಇದು ಅಭ್ಯಾಸದ ವಿಷಯ. ಆತಂಕ ಪಡಬೇಕಾದದ್ದು ಹೆಸರಿಲ್ಲದ ಅಗ್ಗದ ಪ್ಯಾಡ್‌ಗಳ ಬಗ್ಗೆ: ಅವು ಊರೊಳಗೆ ಚೆನ್ನಾಗಿಯೇ ಹಿಡಿದು, ಉದ್ದನೆಯ ಇಳಿಜಾರಿನಲ್ಲಿ ಬಿಸಿಯೇರಿದಾಗ ಹಿಡಿತ ಕಳೆದುಕೊಳ್ಳುತ್ತವೆ. ಸಕಲೇಶಪುರ ದಾಟಿದ ಮೇಲೆ ಗುಂಡ್ಯದವರೆಗಿನ ಇಳಿಜಾರಿನಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಎಂಥ ಪ್ಯಾಡಾದರೂ ಬಿಸಿಯೇರುತ್ತದೆ. ಆಟೊಮ್ಯಾಟಿಕ್ ಗಾಡಿಯವರು ಡಿ ಸ್ಥಾನದಲ್ಲೇ ಇಳಿಯುವ ಬದಲು ಮ್ಯಾನುಯಲ್ ಕ್ರಮಕ್ಕೆ ಹಾಕಿ, ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನಿನ ತಡೆಯನ್ನು ಬಳಸಿಕೊಂಡು, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯಬೇಕು. ಹೀಗೆ ಇಳಿಯುವವರಿಗೆ ಒಳ್ಳೆಯ ಸೆರಾಮಿಕ್ ಪ್ಯಾಡ್ ಶಿರಾಡಿಯಲ್ಲಿ ಕೈಕೊಡುವುದಿಲ್ಲ. ನೀವು ವಾರವಾರವೂ ತುಂಬಿದ ಗಾಡಿಯಲ್ಲಿ ಘಾಟಿ ಹತ್ತಿ ಇಳಿಯುವವರಾಗಿದ್ದರೆ ಮೂಲ ಪ್ಯಾಡನ್ನೇ ಉಳಿಸಿಕೊಂಡು ಪುಡಿಯನ್ನು ಸಹಿಸಿಕೊಳ್ಳಿ ಎನ್ನುತ್ತಿದ್ದೆ.

ಅಂಗಡಿಯಲ್ಲಿ ನೋಡಬೇಕಾದ ಗುರುತುಗಳಲ್ಲಿ ನಾನು ಹೆಚ್ಚು ನಂಬುವುದು ಬದಲಿ ಪ್ಯಾಡ್‌ಗಳ ಬಗೆಗಿನ 'ಇಸಿಇ ಆರ್90' ಎಂಬ ಅಂತರರಾಷ್ಟ್ರೀಯ ನಿಯಮದ ಮುದ್ರೆಯನ್ನು. ಬದಲಿ ಪ್ಯಾಡಿನ ಕಾರ್ಯಕ್ಷಮತೆ ಮೂಲ ಪ್ಯಾಡಿನದಕ್ಕಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು ಎಂಬುದು ಆ ನಿಯಮದ ತಿರುಳು. ವೃತ್ತದೊಳಗೆ ಇ ಅಕ್ಷರ ಮತ್ತು ಅದರ ಪಕ್ಕ ದೇಶದ ಸಂಖ್ಯೆ ಇರುವ ಈ ಮುದ್ರೆಯನ್ನು ಪ್ಯಾಡಿನ ಬೆನ್ನಿನ ಉಕ್ಕಿನ ತಗಡಿನ ಮೇಲೂ ಹುಡುಕಿ. ಅಮೆರಿಕದ ಪದ್ಧತಿಯ ಪ್ಯಾಡ್‌ಗಳಲ್ಲಾದರೆ ಅಂಚಿನಲ್ಲಿ ಎರಡು ಅಕ್ಷರಗಳ ಸಂಕೇತವಿರುತ್ತದೆ: ಮೊದಲನೆಯದು ಸಾಮಾನ್ಯ ತಾಪದ ಹಿಡಿತಕ್ಕೆ, ಎರಡನೆಯದು ಕಾದಾಗಿನ ಹಿಡಿತಕ್ಕೆ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಎಫ್ ಅಥವಾ ಅದಕ್ಕಿಂತ ಮೇಲಿನದು ನಿಮಗೆ ಸಾಕು. ಮೊದಲ ಅಕ್ಷರಕ್ಕಿಂತ ಎರಡನೆಯದು ಕೆಳದರ್ಜೆಯದಾಗಿದ್ದರೆ ಘಾಟಿಗೆ ಹೋಗುವವರು ಅದನ್ನು ಅಲ್ಲೇ ಬಿಟ್ಟುಬನ್ನಿ. ಎಟಿಇ, ಅಕೆಬೊನೊ ಮುಂತಾದವರು ಸೆರಾಮಿಕ್ ಪ್ಯಾಡ್‌ಗಳನ್ನು ಮಾಡುತ್ತಾರೆ. ನಿಮ್ಮ ಗಾಡಿಯ ಚಾಸಿ ಸಂಖ್ಯೆ ಕೊಟ್ಟು ಭಾಗದ ಸಂಖ್ಯೆಯನ್ನು ಹೊಂದಿಸಿಕೊಳ್ಳಿ, ಏಕೆಂದರೆ ಒಂದೇ ಮಾದರಿಗೆ ಎರಡು ಮೂರು ಅಳತೆಯ ಕ್ಯಾಲಿಪರ್‌ಗಳಿರುವುದುಂಟು (ಪ್ಯಾಡನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್). ಸವೆತವನ್ನು ಸೂಚಿಸುವ ಸೆನ್ಸರ್ ತಂತಿ ನಿಮ್ಮ ಈಗಿನ ಪ್ಯಾಡಿನಲ್ಲಿದ್ದರೆ ಹೊಸದರಲ್ಲಿಯೂ ಇರಬೇಕು. ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ; ನಕಲಿ ಪೊಟ್ಟಣಗಳು ಅಸಲಿಗಿಂತ ಹೊಳಪಾಗಿರುತ್ತವೆ.

ಡಿಸ್ಕಿನ ಮಾತು ಇಷ್ಟು. ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಮಿ.ಮೀ. ಲೆಕ್ಕದಲ್ಲಿ ಕೆತ್ತಿರುತ್ತಾರೆ; ಮೆಕ್ಯಾನಿಕ್ ಮೈಕ್ರೋಮೀಟರ್ ಹಿಡಿದು ಅಳೆಯಲಿ, ಉಗುರಿನಿಂದ ಅಂಚನ್ನು ಸವರಿ ತೀರ್ಪು ಹೇಳುವುದು ಬೇಡ. ಆ ಅಳತೆಯ ಸಮೀಪಕ್ಕೆ ಬಂದಿದ್ದರೆ ಹೊಸ ಡಿಸ್ಕ್ ಹಾಕಿಸಿ. ದಪ್ಪ ಸಾಕಷ್ಟಿದ್ದರೂ ಹಳೆಯ ಪ್ಯಾಡ್ ಕೊರೆದ ಗೀರುಗಳಿರುವ ಡಿಸ್ಕಿನ ಮೇಲೆ ಸೆರಾಮಿಕ್ ಪ್ಯಾಡಿನ ಪದರ ಸಮನಾಗಿ ಕೂರುವುದಿಲ್ಲ. ಆಗ ಮೇಲ್ಮೈಯನ್ನು ಸಮ ಮಾಡಿಸಬೇಕು. ಇದನ್ನು ಬಿಟ್ಟವರೇ 'ಸೆರಾಮಿಕ್ ಹಾಕಿಸಿದೆ, ಬ್ರೇಕ್ ನಡುಗುತ್ತದೆ, ಕಿರುಗುಟ್ಟುತ್ತದೆ' ಎಂದು ಪತ್ರ ಬರೆಯುತ್ತಾರೆ. ಜೋಡಿಸಿದ ಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ 10ರವರೆಗೆ ಮಧ್ಯಮ ಒತ್ತಡದಲ್ಲಿ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿ. ನಡುವೆ ಗಾಡಿಯನ್ನು ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ.

ಪ್ಯಾಡುಗಳನ್ನು ಮುಂದಿನ ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಹಿಂದಿನವು ಚೆನ್ನಾಗಿದ್ದರೆ ಅವುಗಳ ಸರದಿ ಬಂದಾಗ ಅದೇ ತಯಾರಕರ ಪ್ಯಾಡ್ ಹಾಕಿಸಬಹುದು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಪ್ಯಾಡ್ ತೆಗೆಯುವ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಅದಕ್ಕೆ ಬೇಕಾದ ಉಪಕರಣವಿಲ್ಲದ ಗ್ಯಾರೇಜಿಗೆ ಹೋಗಬೇಡಿ.

ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆಯಿದೆ. ಎಡ ಬಲ ಚಕ್ರಗಳನ್ನು ಒಂದೇ ದಿನ ತೊಳೆದು, ನಾಲ್ಕು ದಿನ ಬಿಟ್ಟು ಹೋಲಿಸಿ ನೋಡಿ. ಎರಡೂ ಸಮನಾಗಿ ಕಪ್ಪಾಗಿದ್ದರೆ ಅದು ಪ್ಯಾಡಿನ ಗುಣ. ಒಂದೇ ಕಡೆ ಹೆಚ್ಚು ಕಪ್ಪಾಗಿ, ಓಡಿಸಿ ನಿಲ್ಲಿಸಿದಾಗ ಆ ಚಕ್ರದಿಂದ ಮಾತ್ರ ಹೆಚ್ಚು ಕಾವು ಬರುತ್ತಿದ್ದರೆ ಕ್ಯಾಲಿಪರ್ ಪಿನ್ನು ಅಥವಾ ಪಿಸ್ಟನ್ ಹಿಡಿದುಕೊಂಡು ಪ್ಯಾಡ್ ಸದಾ ಉಜ್ಜುತ್ತಿದೆ ಎಂದೇ ತಿಳಿಯಬೇಕು. ಆ ದೋಷವಿರುವ ಗಾಡಿಗೆ ಎಷ್ಟು ಬೆಲೆಯ ಪ್ಯಾಡ್ ಹಾಕಿದರೂ ಪುಡಿ ನಿಲ್ಲುವುದಿಲ್ಲ.

ಅಂದ ಹಾಗೆ, ಯುರೋಪೇ ಈಗ ಈ ಪುಡಿಗೆ ಮಿತಿ ಹಾಕುತ್ತಿದೆ. ಯೂರೋ 7 ನಿಯಮದ ಪ್ರಕಾರ ಬ್ರೇಕಿನಿಂದ ಹೊಮ್ಮುವ ಸೂಕ್ಷ್ಮ ಕಣಗಳು ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿ.ಮೀ.ಗೆ 7 ಮಿಲಿಗ್ರಾಂ, ಬ್ಯಾಟರಿ ಕಾರುಗಳಲ್ಲಿ 3 ಮಿಲಿಗ್ರಾಂ ಮೀರಬಾರದು. ಅಲ್ಲಿನ ಹೊಸ ಮಾದರಿಗಳಿಗೆ 2026ರ ನವೆಂಬರ್ 29 ಇದರ ಆರಂಭದ ದಿನ. ಚಕ್ರದ ಅಂದಕ್ಕಿಂತ ಉಸಿರಾಟದ ಚಿಂತೆಯೇ ಇದರ ಹಿಂದಿರುವುದು.

ಪ್ರಶ್ನೆ: ನಮ್ಮ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಚಕ್ರಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಕೂತಿವೆ, ಶಾಂಪೂ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಹಿಂದಿನ ಚಕ್ರಗಳು ಸ್ವಚ್ಛವಾಗಿವೆ. ಟಾಯ್ಲೆಟ್ ಆ್ಯಸಿಡ್ ಬಳಸಬಹುದೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಖಂಡಿತ ಬೇಡ, ಆ್ಯಸಿಡ್ ಅಲಾಯಿನ ಮೇಲಿನ ಪಾರದರ್ಶಕ ಲೇಪವನ್ನು ತಿನ್ನುತ್ತದೆ. ಆ ಚುಕ್ಕೆಗಳು ಲೇಪದಲ್ಲಿ ನಾಟಿ ತುಕ್ಕು ಹಿಡಿದ ಕಬ್ಬಿಣದ ಕಣಗಳು. ಕಾರ್ ಕೇರ್ ಅಂಗಡಿಗಳಲ್ಲಿ 'ಐರನ್ ರಿಮೂವರ್' ಎಂಬ ದ್ರವ ಸಿಗುತ್ತದೆ. ನೆರಳಿನಲ್ಲಿ, ಚಕ್ರ ಪೂರ್ತಿ ತಣ್ಣಗಿರುವಾಗ ಸಿಂಪಡಿಸಿದರೆ ಅದು ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಲು ಬಿಡದೆ ತೊಳೆಯಿರಿ. ನಂತರ ಚಕ್ರಕ್ಕೆ ವ್ಯಾಕ್ಸ್ ಹಚ್ಚಿದರೆ ಮುಂದಿನ ಪುಡಿ ಒದ್ದೆ ಬಟ್ಟೆಗೇ ಬರುತ್ತದೆ. ಚಕ್ರ ಒರೆಸಿದ ಬಟ್ಟೆಯಿಂದ ಬಾನೆಟ್ ಒರೆಸುವುದು ನಮ್ಮಲ್ಲಿ ಬೆಳಗಿನ ಕಾರು ತೊಳೆಯುವವರ ಪದ್ಧತಿ. ಅದರಿಂದ ಬಣ್ಣದ ಮೇಲೆ ಗೀರು ಬೀಳುವುದು ಖಚಿತ, ಎರಡು ಬಟ್ಟೆ ಕೊಟ್ಟುಬಿಡಿ. ನಿಮ್ಮ ಹಿಂದಿನ ಚಕ್ರಗಳು ಸ್ವಚ್ಛವಾಗಿರುವುದಕ್ಕೆ ಡ್ರಮ್ ಬ್ರೇಕ್ ಕಾರಣ, ಅದರ ಪುಡಿ ಒಳಗೇ ಉಳಿಯುತ್ತದೆ. ಸರ್ವಿಸ್ ವೇಳೆ ಡ್ರಮ್ ಬಿಚ್ಚಿದಾಗ ಅದನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ, ಒದ್ದೆ ಮಾಡಿ ಒರೆಸಲು ಹೇಳಿ. ಹಳೆಯ ಗಾಡಿಗಳ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದನ್ನು ಉಸಿರಾಡುವುದು ಅಪಾಯ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಂಡಿದ್ದೇನೆ. ಬ್ರೇಕ್ ಪುಡಿ ಇಲ್ಲವೇ ಇಲ್ಲ, ಆದರೆ ಡಿಸ್ಕ್ ತುಕ್ಕು ಹಿಡಿದಂತೆ ಕಾಣುತ್ತದೆ. ಕಡಿಮೆ ಪುಡಿಯ ಪ್ಯಾಡ್ ನನಗೂ ಬೇಕೇ?
– ಒಬ್ಬ ಓದುಗರು, ಉಡುಪಿ

ಉತ್ತರ: ಬೇಕಿಲ್ಲ. ವೇಗ ಇಳಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ಬ್ಯಾಟರಿಗೆ ಶಕ್ತಿ ಮರಳಿಸುವುದರಿಂದ ನಿಮ್ಮ ಪ್ಯಾಡ್‌ಗಳು ಕಡಿಮೆ ಉಜ್ಜುತ್ತವೆ. ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಸಿಕ್ಕ ಡಿಸ್ಕ್ ಹೀಗೆ ಬಳಕೆಯಿಲ್ಲದೆ ಕೂತರೆ ತುಕ್ಕು ಹಿಡಿಯುತ್ತದೆ. ಮೇಲ್ಪದರದ ತುಕ್ಕು ನಾಲ್ಕಾರು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ವಾರಕ್ಕೊಮ್ಮೆ ಮೋಟಾರಿನ ತಡೆಯನ್ನು ಅತಿ ಕಡಿಮೆ ಮಟ್ಟಕ್ಕಿಳಿಸಿ, ಹಿಂದೆ ವಾಹನವಿಲ್ಲದಾಗ ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಕೆಲವು ಮಾದರಿಗಳಲ್ಲಿ ಪೆಡಲ್ ಒತ್ತಿದಾಗಲೂ ಮೊದಲು ಮೋಟಾರೇ ಕೆಲಸ ಮಾಡುವುದರಿಂದ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಿ. ತುಕ್ಕು ಹಾಗೂ ಹೋಗದೆ ಡಿಸ್ಕಿನಲ್ಲಿ ಗುಳಿ ಬಿದ್ದಿದ್ದರೆ ಮುಂದಿನ ಸರ್ವಿಸಿನವರೆಗೆ ಕಾಯದೆ ತೋರಿಸಿ. ಅದೇ ಭೇಟಿಯಲ್ಲಿ ಕ್ಯಾಲಿಪರ್ ಪಿನ್ನುಗಳನ್ನು ಬಿಚ್ಚಿಸಿ, ಶುಚಿ ಮಾಡಿಸಿ, ಅವುಗಳಿಗೆ ಹಾಕುವ ಗ್ರೀಸನ್ನೇ ಹಾಕಿಸಿ. ಬ್ರೇಕ್ ಹೆಚ್ಚು ಬಳಸದ ಗಾಡಿಗಳಲ್ಲಿ ಪಿನ್ನು ಬೇಗ ಹಿಡಿದುಕೊಳ್ಳುತ್ತದೆ.