ಸ್ಕ್ರೀನ್ ತುಂಬ ಹನ್ನೆರಡು

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಕರಡು ಓದಿ, "ತೊಗರಿ ಲೆಕ್ಕ ಮಾತ್ರ ತೆಗೀಬ್ಯಾಡ್ರಿ ಮೇಡಮ್" ಅಂದಳು. ಇಲ್ಲಿ ಅವಳನ್ನು ಮಹಾದೇವಿ ಅನ್ನೋಣ.

ಕಲಬುರಗಿಯ ಏಪ್ರಿಲ್ ಬಿಸಿಲು. ಮಧ್ಯಾಹ್ನ ಮೂರರ ಹೊತ್ತಿಗೆ ರಸ್ತೆಯಲ್ಲಿ ನಾಯಿ ಕೂಡ ಇರುವುದಿಲ್ಲ. ಅಂಥ ಹೊತ್ತಲ್ಲಿ ತಲೆಗೆ ದುಪಟ್ಟಾ ಸುತ್ತಿಕೊಂಡು, ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವುಚಿಕೊಂಡು ಸಲಹೆ ಕೇಳಲು ನನ್ನ ಬಳಿ ಬಂದಳು. ವಯಸ್ಸು 23, ಓದು ಬಿ.ಎಸ್ಸಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಊರಿನ ಒಂದು ತರಬೇತಿ ಕೇಂದ್ರದಲ್ಲಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಸೇರಿ ಏಳು ವಾರ ಆಗಿತ್ತು.

"ನಂಗ ತಲಿಗಿ ಹತ್ತವಲ್ದು ಮೇಡಮ್. ಎಲ್ಲಾರೂ ಮಾಡ್ಲಕತ್ತಾರ, ನಾ ಒಬ್ಬಾಕಿನೇ ದಡ್ಡಿ ಇದ್ದೀನ್ರಿ."

ಫೀಜು ತುಂಬಲು ಅಪ್ಪ ಸಂಘದಲ್ಲಿ ಸಾಲ ಎತ್ತಿದ್ದಾರೆ. ಅವ್ವ ದೀಪಾವಳಿಯ ತನಕ ಗಡುವು ಕೊಟ್ಟಿದ್ದಾಳೆ, ಆಮೇಲೆ ಲಗ್ನ. ಹುಡುಗಿಗೆ ರಾತ್ರಿ ಮೂರು ನಾಲ್ಕು ತಾಸಿಗಿಂತ ಹೆಚ್ಚು ನಿದ್ದೆ ಇಲ್ಲ, ಜೊತೆಗಾರರ ಫೋನ್ ಎತ್ತುವುದನ್ನೇ ಬಿಟ್ಟಿದ್ದಾಳೆ. ಬದುಕು ಬೇಡ ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಕೇಳಬಾರದು. "ಹಂಗೇನಿಲ್ರಿ, ಎಲ್ಲೆರ ಓಡಿ ಹೋಗಬೇಕು ಅನಸ್ತದ" ಅಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದೆ. ದಿನದ 24 ತಾಸೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಕನ್ನಡ ಮಾಧ್ಯಮ ಎಂದು ಕೇಳಿದ್ದೇ ತಡ, ಇಂಗ್ಲಿಷ್ ಕ್ಲಾಸಿಗೆ ಸೇರು ಅಂದುಬಿಟ್ಟೆ. ನಮ್ಮ ಭಾಗದ ಮಕ್ಕಳು ಏನೇ ಕಷ್ಟ ತಂದರೂ ಇಂಗ್ಲಿಷಿನ ಮೇಲೆ ಹಾಕುವುದು ನಮಗೆಲ್ಲ ರೂಢಿಯಾಗಿದೆ. ಅವಳು ತಲೆಯಾಡಿಸಿ ಹೋದಳು, ಸೇರಲಿಲ್ಲ. ಎರಡನೇ ಸಲ ಬಂದಾಗ ನಾನೇ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತು, "ನಂಗೂ ಬರಲ್ಲ. ನೀನೇ ಕಲಿಸು ಯವ್ವಾ" ಅಂದೆ. ನಾನು ಬಿ.ಎಡ್. ಮಾಡಿದವಳು, ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಅವಳು ತೆರೆದು ತೋರಿಸಿದ್ದು ಸಣ್ಣ ಲೆಕ್ಕ. ಎಷ್ಟು ಕ್ವಿಂಟಲ್ ತೊಗರಿ ಎಂದು ಕೇಳಬೇಕು, ಅದನ್ನು ದರದಿಂದ ಗುಣಿಸಬೇಕು. ದರ ಅಂತ 7500 ಹಾಕಿಕೊಂಡಿದ್ದಳು. ನಾನು 12 ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. 90,000 ಬರಬೇಕು ತಾನೆ? ಸ್ಕ್ರೀನಿನ ಮೇಲಿಂದ ಕೆಳತನಕ ಸಾಲಿಗೊಂದರಂತೆ 12, 12, 12 ಎಂದು ಅಂಕಿ ಸುರಿಯತೊಡಗಿತು. ಮಹಾದೇವಿ ಫಟ್ಟನೆ ಲ್ಯಾಪ್‌ಟಾಪ್ ಮುಚ್ಚಿದಳು. ಕ್ಲಾಸಿನಲ್ಲಿ ಇದೇ ಆದಾಗ ಹಿಂದಿನ ಬೆಂಚಿನವರು ನಕ್ಕಿದ್ದರಂತೆ.

ನಾನು ಮತ್ತೆ ತೆರೆಸಿದೆ. ಇದು ಯಾಕೆ ಹೀಗೆ ಮಾಡಿತು ಎಂದು ಅವಳಿಂದಲೇ ಹೇಳಿಸಲು ಮುಕ್ಕಾಲು ತಾಸು ಹಿಡಿಯಿತು. ಕೀಬೋರ್ಡಿನಿಂದ ಬಂದದ್ದು ರೂಬಿಯ ಕಣ್ಣಿಗೆ ಸಂಖ್ಯೆಯಲ್ಲ, ಅಕ್ಷರಗಳ ಸರ, ಪ್ರೋಗ್ರಾಮ್ ಬರೆಯುವವರು ಅದಕ್ಕೆ ಸ್ಟ್ರಿಂಗ್ ಅನ್ನುತ್ತಾರೆ. ಸ್ಟ್ರಿಂಗಿಗೆ ಗುಣಾಕಾರದ ಚಿಹ್ನೆ ಕೊಟ್ಟು 7500 ಅಂದರೆ, 'ನನ್ನನ್ನೇ 7500 ಸಲ ಬರೆ' ಎಂದು ಅದು ಅರ್ಥ ಮಾಡಿಕೊಳ್ಳುತ್ತದೆ. ಒಟ್ಟು 15,000 ಅಂಕಿ. ಎಡಬಲ ಅದಲುಬದಲು ಮಾಡಿ 7500 ಅನ್ನು ಮೊದಲು ಇಟ್ಟು ನೋಡಿದೆವು. ಆಗ ನೇರ ಎರರ್ ಬಂತು. ರೂಬಿಯಲ್ಲಿ 7500 ಕೂಡ ಒಂದು ಆಬ್ಜೆಕ್ಟ್, ಅಂದರೆ ಹೇಳಿದ ಮಾತು ಕೇಳಿ ನಡೆಸುವ ವಸ್ತು; ಸ್ಟ್ರಿಂಗೂ ಒಂದು ಆಬ್ಜೆಕ್ಟ್. ಗುಣಿಸು ಎಂಬ ಮಾತು ಹೋಗುವುದು ಎಡಕ್ಕೆ ಕುಳಿತವರಿಗೆ, ಅದನ್ನು ಹೇಗೆ ನಡೆಸಬೇಕೆಂದು ತೀರ್ಮಾನಿಸುವವರೂ ಅವರೇ.

ಮಹಾದೇವಿ ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಹೇಳಿದಳು: "ಬಡಿ ಅಂದಂಗ್ರಿ. ಅವ್ವಗ ಬಡಿ ಅಂದ್ರ ರೊಟ್ಟಿ ಬಡೀತಾಳ. ಡೊಳ್ಳಿನಂವಗ ಬಡಿ ಅಂದ್ರ ಡೊಳ್ಳು ಬಡೀತಾನ. ಮಾತು ಒಂದೇ, ಕೇಳ್ದಾಂವ ಬ್ಯಾರೆ."

ಏಳು ವಾರ ಸ್ಲೈಡುಗಳಲ್ಲಿ ನೋಡಿ ಉರುಹೊಡೆದರೂ ಒಳಗೆ ಇಳಿಯದ ವಿಷಯ ಇದು. ಇಂಥ ಮಾತು ಆಡಿದವಳನ್ನು ದಡ್ಡಿ ಅನ್ನಲು ನನಗಂತೂ ಬಾಯಿ ಬರಲಿಲ್ಲ.

ಆಮೇಲೆ ತಿಳಿದದ್ದು, ಅವಳನ್ನು ತಿನ್ನುತ್ತಿದ್ದುದು ಎರರ್. ಕೆಂಪು ಅಕ್ಷರ ಕಂಡ ಕೂಡಲೇ ಓದದೆ ಅಳಿಸಿ, ಗೆಳತಿಯ ಪ್ರೋಗ್ರಾಮ್ ಕಾಪಿ ಮಾಡುತ್ತಿದ್ದಳು. "ಸಿ-ದಾಗ ಓಡೂದಕ್ಕಿಂತ ಮೊದಲೇ ಬೈತಿತ್ರಿ. ಇದು ಅರ್ಧ ದಾರಿಗಿ ಹೋಗಿ ಬೈತದ" ಎಂದು ದೂರಿದಳು. ದೂರು ಸರಿಯಾಗಿಯೇ ಇದೆ. ಕಾಲೇಜಿನಲ್ಲಿ ಕಲಿತ ಸಿ ಭಾಷೆಯಲ್ಲಿ ಯಾವ ಹೆಸರಿನಲ್ಲಿ ಸಂಖ್ಯೆ, ಯಾವುದರಲ್ಲಿ ಅಕ್ಷರ ಎಂದು ಮೊದಲೇ ಬರೆದುಕೊಡಬೇಕು, ಹೊಂದದಿದ್ದರೆ, ಬರೆದದ್ದನ್ನು ಓಡಿಸುವ ಮುಂಚೆ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆಗಲೇ ತಡೆಯಬಲ್ಲದು. ರೂಬಿಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವುದಿಲ್ಲ. ಇವತ್ತು ಸಂಖ್ಯೆ ಇಟ್ಟ ಹೆಸರಿಗೇ ನಾಳೆ ಊರ ಹೆಸರು ಇಡಬಹುದು. ಆ ಸಾಲಿಗೆ ಬಂದು ಮುಟ್ಟುವ ತನಕ ತಪ್ಪು ಕಾಣುವುದಿಲ್ಲ. ನಿನ್ನೆ ಓಡಿದ್ದು ಇವತ್ತು ನಿಂತರೆ, ನಿನ್ನೆ ಆ ಸಾಲಿನ ಕಡೆ ಹೋಗಿರಲಿಲ್ಲ ಅಂತಲೂ ಆಗಬಹುದು. ಮಹಾದೇವಿ ಅದನ್ನು ತನ್ನ ಹಣೆಬರಹ ಎಂದುಕೊಂಡಿದ್ದಳು.

ನಾನು ಕೊಟ್ಟ ಮುಖ್ಯ ಸಲಹೆ ಒಂದು ಇನ್ನೂರು ಪುಟದ ನೋಟ್‌ಬುಕ್. ಎಡ ಪುಟದಲ್ಲಿ ಎರರ್ ಬಂದ ಹಾಗೆಯೇ ಇಂಗ್ಲಿಷಿನಲ್ಲಿ, ಬಲ ಪುಟದಲ್ಲಿ ಅದೇ ಮಾತು ಮನೆಯ ಕನ್ನಡದಲ್ಲಿ. ಬರೆಯದೆ ಅಳಿಸುವಂತಿಲ್ಲ. ಬೆಲೆಪಟ್ಟಿಯ ಪ್ರೋಗ್ರಾಮ್ ಮಾಡುವಾಗ ಬಂದ ಎರರನ್ನು ಅವಳು ಹೀಗೆ ಬರೆದಿದ್ದಾಳೆ: "ನಿಲ್ ಅಂದ್ರ ಏನೂ ಇಲ್ಲದಾಂವ. ಅಂವಗ ಗುಣಿಸು ಅಂದೀದಿ. ಅಂವಗ ಗುಣಾಕಾರ ಬರಲ್ಲ. ಸಾಲು 9." ಕಾರಣ ಇದ್ದದ್ದು ಎರಡನೇ ಸಾಲಿನಲ್ಲಿ. ಕಾಳಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದಾಗ ಆ ಎಂಟರ್ ಕೂಡ ಹೆಸರಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಬಾಲ ಇರುವ ತೊಗರಿ ಪಟ್ಟಿಯಲ್ಲಿ ಇಲ್ಲ, ರೂಬಿ ಸದ್ದಿಲ್ಲದೆ ನಿಲ್ ಕೊಡುತ್ತದೆ, ಬೈಗುಳ ಬೀಳುವುದು ಒಂಬತ್ತನೇ ಸಾಲಿನಲ್ಲಿ. ಚಾಂಪ್ ಎಂದು ಹೇಳಿ ಬಾಲ ಕತ್ತರಿಸಬೇಕು. ಕ್ವಿಂಟಲ್ ಕೇಳುವಲ್ಲಿ ಸ್ಟ್ರಿಂಗಿಗೆ ಟು-ಐ ಎಂದು ಹೇಳಿ ಪೂರ್ಣಾಂಕ ಮಾಡಿಕೊಳ್ಳಬೇಕು. ಅಕ್ಷರದಲ್ಲಿ ಹನ್ನೆರಡು ಎಂದು ಬರೆದು ಕೊಟ್ಟರೆ ಅದೇ ಟು-ಐ ಎರರ್ ಕೂಡ ಕೊಡದೆ ಸೊನ್ನೆ ಎನ್ನುತ್ತದೆ. ಇದನ್ನು ಅವಳು "ಮಳ್ಳ ಉತ್ತರ" ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ.

ಉಳಿದ ಸಲಹೆಗಳು ಸಾಮಾನ್ಯ: ರಾತ್ರಿ ಹತ್ತರ ನಂತರ ಲ್ಯಾಪ್‌ಟಾಪ್ ಇಲ್ಲ. ದಿನಕ್ಕೆ ನಲವತ್ತು ನಿಮಿಷ ಐ.ಆರ್.ಬಿ. ಎಂಬ, ರೂಬಿಯ ಜೊತೆ ನೇರ ಮಾತಾಡುವ ಕಿಟಕಿ ತೆರೆದು ಒಂದೊಂದೇ ಸಾಲು ಕೇಳಿ ಉತ್ತರ ಪಡೆಯುವುದು. ಕಾಪಿ ಮಾಡಲೇಬೇಕಾದರೆ ಕೈಯಲ್ಲಿ ಟೈಪ್ ಮಾಡಿ, ಎಂಟರ್ ಒತ್ತುವ ಮುಂಚೆ ಉತ್ತರ ಏನು ಬರಬಹುದೆಂದು ಬರೆದಿಡುವುದು. ಹೆಸರುಗಳನ್ನು ಸದ್ಯಕ್ಕೆ ಕನ್ನಡದಲ್ಲೇ ಇಡಲು ಹೇಳಿದೆ. ದರ, ತೂಕ ಎಂದು ನಮ್ಮ ಲಿಪಿಯಲ್ಲಿ ಬರೆದರೂ ರೂಬಿ ಒಪ್ಪುತ್ತದೆ ಎಂದು ಅವಳೇ ಕಂಡುಕೊಂಡಿದ್ದಳು. ಕ್ಲಾಸಿಗೆ ಒಪ್ಪಿಸುವಾಗ ಇಂಗ್ಲಿಷಿಗೆ ಬದಲಿಸಿಕೊಂಡರಾಯಿತು.

ಇಂಗ್ಲಿಷಿನ ಮಾತು ಬಂದಾಗ ಅವಳೇ ಒಂದು ಸಂಗತಿ ಹೇಳಿದಳು. ರೂಬಿ ಮಾಡಿದ ಯುಕಿಹಿರೊ ಮಾತ್ಸುಮೊಟೊ ಜಪಾನಿನವರು. 1995ರಲ್ಲಿ ಅದನ್ನು ಹೊರಗೆ ಬಿಟ್ಟರು. ಮೊದಮೊದಲು ಅದರ ವಿವರಣೆಗಳೂ ಬಹುಪಾಲು ಜಪಾನಿ ಭಾಷೆಯಲ್ಲೇ ಇದ್ದವು. ಪ್ರೋಗ್ರಾಮ್ ಬರೆಯುವವರಿಗೆ ಖುಷಿಯಾಗಲಿ ಎನ್ನುವುದು ಅವರ ಉದ್ದೇಶವಂತೆ. "ನೋಡ್ರಿ ಮೇಡಮ್, ಖುಷಿ ಸಲುವಾಗಿ ಮಾಡ್ಯಾರ, ನಾ ಅದರ ಮುಂದ ಕುಂತು ಅಳ್ಲಕತ್ತೀನಿ" ಅಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅವ್ವನ ಗಡುವಿನ ವಿಷಯ ಇನ್ನೂ ಹಾಗೇ ಇದೆ. ಒಮ್ಮೆ ಅಪ್ಪನನ್ನು ಕರೆತರಲು ಹೇಳಿದ್ದೆ. ಬಂದರು, ಹೆಚ್ಚು ಮಾತಾಡಲಿಲ್ಲ, "ಪೋರಿ ಉಣ್ಣಾಕತ್ತಾಳ, ಅಷ್ಟು ಸಾಕ್ರಿ" ಅಂದರು.

ಆರನೇ ಭೇಟಿಗೆ ಬಂದಾಗ ನೋಟ್‌ಬುಕ್ಕಿನಲ್ಲಿ 31 ಎರರ್ ಇದ್ದವು. ನೌಕರಿ ಇಲ್ಲ, ಅರ್ಜಿ ಹಾಕುವ ಧೈರ್ಯವೂ ಪೂರಾ ಬಂದಿಲ್ಲ. ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿ ಮಾರಿದ ಅಡತಿ ಅಂಗಡಿಯ ಹಳೇ ಚೀಟಿ ಇಟ್ಟುಕೊಂಡು ಲೆಕ್ಕದ ಪ್ರೋಗ್ರಾಮ್ ಬರೆದಿದ್ದಳಂತೆ, ಹಮಾಲಿ ಕಳೆದರೂ ಚೀಟಿಯ ಮೊತ್ತಕ್ಕೆ ತಾಳೆ ಬರಲಿಲ್ಲ. ಎರಡು ದಿನ ಒದ್ದಾಡಿದ್ದಾಳೆ. ಎರರ್ ಇಲ್ಲ, ಉತ್ತರ ಮಾತ್ರ ತಪ್ಪು. ಕೊನೆಗೆ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಅಪ್ಪ ಹಿಂದೆ ನಿಂತು ಸ್ಕ್ರೀನ್ ನೋಡಿ, ಒಂದೊಂದೇ ಸಾಲು ಓದಿಸಿ ಕೇಳಿದರಂತೆ:

"ಎಲ್ಲಾ ಖರೆ ಅದ. ಖಾಲಿ ಚೀಲದ ತೂಕ ಎಲ್ಲಿ ಕಳ್ದಿ?"