ಮೊದಲ ಸ್ಥಾನಕ್ಕೂ ಮೊದಲು ಅಳತೆಗೋಲು

ಪ್ರಿಯರೇ,

ನಮಸ್ಕಾರ. ‘ಅಮೆರಿಕನ್ ಫುಟ್ಬಾಲಿನ ಹತ್ತು ಸಾರ್ವಕಾಲಿಕ ಶ್ರೇಷ್ಠರು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕೈಬಿಡುವುದಕ್ಕೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಎರಡು ಸಾಲಿನ ವಿಷಾದಪತ್ರ ಕಳುಹಿಸುವ ಬದಲು ಕುಳಿತು ಬರೆಯುತ್ತಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಚೆಂಡು ಎಸೆಯುವ ಟಾಮ್ ಬ್ರೇಡಿ ಮೊದಲಿಗರು, ಚೆಂಡು ಹಿಡಿದು ಓಡುವ ಜಿಮ್ ಬ್ರೌನ್ ಒಂಬತ್ತನೆಯವರು. ಬ್ರೇಡಿ ಮೇಲೇರಲು ನೀವು ಕೊಟ್ಟ ಕಾರಣ ಏಳು ಸೂಪರ್ ಬೌಲ್ (ಋತುವಿನ ಕೊನೆಯ ಚಾಂಪಿಯನ್‌ಷಿಪ್ ಪಂದ್ಯ) ಗೆಲುವು. ಬ್ರೌನ್ ಕೆಳಗಿಳಿಯಲು ಕೊಟ್ಟ ಕಾರಣ ಒಂದೂ ಸೂಪರ್ ಬೌಲ್ ಇಲ್ಲದಿರುವುದು. ಮೊದಲ ಸೂಪರ್ ಬೌಲ್ ನಡೆದದ್ದು 1967ರ ಜನವರಿಯಲ್ಲಿ. ಬ್ರೌನ್ ಆಟ ಬಿಟ್ಟದ್ದು ಅದಕ್ಕೂ ಮೊದಲು, 1966ರಲ್ಲಿ. ಇನ್ನೂ ಹುಟ್ಟಿರದ ಪಂದ್ಯವನ್ನು ಗೆಲ್ಲಲಿಲ್ಲವೆಂದು ಒಬ್ಬ ಆಟಗಾರನನ್ನು ಕೆಳಗಿಳಿಸುವುದು ಅನ್ಯಾಯ. ಅವರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ 1964ರಲ್ಲಿ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಚಾಂಪಿಯನ್ ಆಗಿತ್ತು. ಆ ದಿನಗಳಲ್ಲಿ ಆ ಲೀಗಿನ ಆಟಗಾರನೊಬ್ಬ ಗೆಲ್ಲಬಹುದಾಗಿದ್ದ ದೊಡ್ಡ ಪ್ರಶಸ್ತಿ ಅದೇ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಅಂಕಿಗಳ ವಿಷಯಕ್ಕೆ ಬರುತ್ತೇನೆ. ಚೆಂಡು ಹಿಡಿದು ಓಡಿದ ಗಜಗಳಲ್ಲಿ ಎಮ್ಮಿಟ್ ಸ್ಮಿತ್ 18,355, ಬ್ರೌನ್ 12,312 ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಸ್ಮಿತ್ ಆಡಿದ್ದು 15 ಋತು, ಬ್ರೌನ್ 9. ಪಂದ್ಯಕ್ಕೆ ಎಷ್ಟೆಂದು ಭಾಗಿಸಿದರೆ ಬ್ರೌನ್ 104 ಗಜ, ಸ್ಮಿತ್ 81. ಒಂಬತ್ತು ಋತುಗಳಲ್ಲಿ ಎಂಟು ಸಲ ಬ್ರೌನ್ ಇಡೀ ಲೀಗಿಗೇ ಮೊದಲಿಗರು. ಇದರಿಂದ ಸ್ಮಿತ್ ಸಣ್ಣವರಾಗುವುದಿಲ್ಲ. ವಾರ ವಾರವೂ ಮೈ ನುಗ್ಗಾಗುವ ಆ ಕೆಲಸದಲ್ಲಿ ಹದಿನೈದು ವರ್ಷ ಬಾಳುವುದು ಸಾಮಾನ್ಯವಲ್ಲ. ನಿಮಗೆ ಯಾವುದು ದೊಡ್ಡದು, ಎತ್ತರವೋ ಬಾಳಿಕೆಯೋ? ನಿಮ್ಮ ಎರಡನೇ ಸ್ಥಾನದಲ್ಲಿ ಬಾಳಿಕೆ ಗೆದ್ದಿದೆ, ಐದನೆಯದರಲ್ಲಿ ಎತ್ತರ ಗೆದ್ದಿದೆ, ಏಳನೆಯದರಲ್ಲಿ ಟ್ರೋಫಿ ಗೆದ್ದಿದೆ. ಪ್ರತಿ ಹೆಸರಿಗೂ ಹೊಸ ಅಳತೆಗೋಲು ಹಿಡಿದರೆ ಓದುಗರು ನಿಮ್ಮೊಂದಿಗೆ ಜಗಳವಾಡುವುದಾದರೂ ಹೇಗೆ? ಇಂಥ ಲೇಖನದ ಜೀವವೇ ಆ ಜಗಳ.

ಕಾಲ ಬದಲಾದಂತೆ ಆಟವೂ ಬದಲಾಗಿದೆ ಎಂಬುದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನ ಮಟ್ಟಿಗೆ ಲೇಖನದ ಹೂರಣ ಇರಬೇಕಾದದ್ದು ಇಲ್ಲಿ. ಜಾನಿ ಯುನಿಟಾಸ್ ಎಸೆದ ಕಾಲದಲ್ಲಿ, ಚೆಂಡು ಹಿಡಿಯಲು ಓಡುವವನನ್ನು ಎದುರಾಳಿ ದಾರಿಯುದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. 1978ರಲ್ಲಿ ನಿಯಮ ಬದಲಾಯಿತು. ಆಟ ಶುರುವಾಗುವ ಗೆರೆಯಿಂದ ಐದು ಗಜ ದಾಟಿದ ಮೇಲೆ ಅವನನ್ನು ಮುಟ್ಟಿ ತಡೆಯುವಂತಿಲ್ಲ ಎಂದಾಯಿತು. ಅದೇ ವರ್ಷ ಪ್ರತಿ ತಂಡದ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು, 2021ರಿಂದ 17. ಯುನಿಟಾಸ್ ಎಸೆದು ಗಳಿಸಿದ 40,239 ಗಜಗಳನ್ನು ಬ್ರೇಡಿಯವರ 89,214ರ ಪಕ್ಕ ಇಡುವಾಗ ಇಷ್ಟನ್ನೂ ಹೇಳದಿದ್ದರೆ ಅಂಕಿ ಸರಿಯಿದ್ದೂ ಚಿತ್ರ ತಪ್ಪಾಗುತ್ತದೆ.

ಇನ್ನೂ ಬೇಸರ ತಂದದ್ದು ಎದುರಾಳಿಯನ್ನು ತಡೆಯುವ ಸಾಲಿನ ಡೀಕನ್ ಜೋನ್ಸ್ ಹೆಸರನ್ನು ನೀವು ಬಿಟ್ಟ ರೀತಿ. ತಂಡದ ಪರವಾಗಿ ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಅದನ್ನು ಎಸೆಯುವ ಮೊದಲೇ ಅವನನ್ನು ಕೆಡವುವುದಕ್ಕೆ ‘ಸ್ಯಾಕ್’ ಎಂಬ ಹೆಸರು ಬಳಕೆಗೆ ಬಂದದ್ದೇ ಜೋನ್ಸ್ ಬಾಯಿಂದ ಎನ್ನುತ್ತಾರೆ. ಆದರೆ ಲೀಗ್ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಜೋನ್ಸ್ ಕೊನೆಯ ಪಂದ್ಯ ಆಡಿದ್ದು 1974ರಲ್ಲಿ. ಅದೇ ಕೆಲಸಕ್ಕೆ ಹೆಸರಾದ ಲಾರೆನ್ಸ್ ಟೇಲರ್ ಅವರ ಮೊದಲ ಋತು 1981. ಅಂದಿನ ಸ್ಯಾಕ್‌ಗಳೂ ಅವರ ಅಧಿಕೃತ ಲೆಕ್ಕದಲ್ಲಿಲ್ಲ. ಯಾರೂ ಲೆಕ್ಕ ಇಡಲಿಲ್ಲ ಎಂದ ಮಾತ್ರಕ್ಕೆ ಆತ ಕೆಡವಲಿಲ್ಲ ಎಂದಾಗುತ್ತದೆಯೇ?

ಲೆಕ್ಕಕ್ಕೇ ಸಿಗದವರೂ ಇದ್ದಾರೆ. ನಿಮ್ಮ ಹತ್ತು ಮಂದಿಯಲ್ಲಿ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಾಗಿ ನಿಲ್ಲುವವರು ಒಬ್ಬರೂ ಇಲ್ಲ. ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಆಂಥೊನಿ ಮುನ್ಯೋಸ್ ಹದಿಮೂರು ಋತು ಎಡಗಡೆಯ ಆ ಜಾಗ ಕಾದರು. ಹನ್ನೊಂದು ಸಲ ಲೀಗಿನ ಆಯ್ದ ಆಟಗಾರರ ಪಂದ್ಯವಾದ ಪ್ರೋ ಬೌಲ್‌ಗೆ ಆಯ್ಕೆಯಾದರು. ಬಲಗೈಯಲ್ಲಿ ಎಸೆಯುವವನಿಗೆ ಬೆನ್ನು ತಿರುಗಿರುವ ಕಡೆ ಅದು. ಅಲ್ಲಿಂದ ನುಗ್ಗಿ ಬರುವವನು ಅವನ ಕಣ್ಣಿಗೇ ಬೀಳುವುದಿಲ್ಲ. ಮುನ್ಯೋಸ್ ಕೆಲಸ ಸರಿಯಾಗಿ ಮಾಡಿದ ದಿನ ಅವರ ಹೆಸರಿನ ಮುಂದೆ ಬರೆಯಲು ಏನೂ ಇರುವುದಿಲ್ಲ. ಇಂಥವರಲ್ಲಿ ಒಬ್ಬರಿಗೂ ಈವರೆಗೆ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಬಂದಿಲ್ಲ. ನೀವು ಇವರನ್ನು ಪಟ್ಟಿಗೆ ಸೇರಿಸಲೇಬೇಕೆಂದು ನನ್ನ ಹಟವಲ್ಲ. ಬಿಟ್ಟರೆ ಏಕೆ ಬಿಟ್ಟಿರೆಂದು ಹೇಳಬೇಕು.

2017ರ ಫೆಬ್ರವರಿಯ ಸೂಪರ್ ಬೌಲನ್ನು ‘ಬ್ರೇಡಿ ಏಕಾಂಗಿಯಾಗಿ ಗೆದ್ದುಕೊಟ್ಟರು’ ಎಂದು ಬರೆದಿದ್ದೀರಿ. ಆ ಪಂದ್ಯವನ್ನು ಮತ್ತೊಮ್ಮೆ ನೋಡಿ. 28-3ರ ಹಿನ್ನಡೆಯಿಂದ ಎದ್ದು 34-28ರಲ್ಲಿ ಗೆದ್ದದ್ದು ನಿಜ, ಬ್ರೇಡಿ ಅದ್ಭುತವಾಗಿ ಆಡಿದ್ದೂ ನಿಜ. ಆದರೆ ಬ್ರೇಡಿಯದೇ ತಂಡದ ಡಾಂಟಾ ಹೈಟವರ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಬೀಳಿಸದಿದ್ದರೆ? ಕೊನೆಯ ನಿಮಿಷಗಳಲ್ಲಿ ಬ್ರೇಡಿ ಎಸೆದ ಚೆಂಡು ಎದುರಾಳಿ ರಾಬರ್ಟ್ ಆಲ್ಫರ್ಡ್ ಕೈಗೆ ತಾಗಿ ಮೇಲಕ್ಕೆ ಚಿಮ್ಮಿತು. ಮೂವರು ಎದುರಾಳಿಗಳು ಅದಕ್ಕೆ ಮುಗಿಬಿದ್ದರು. ಅವರ ಕೈಕಾಲುಗಳ ನಡುವೆ ಬ್ರೇಡಿಯ ಜೊತೆಗಾರ ಜೂಲಿಯನ್ ಎಡೆಲ್‌ಮನ್ ಬೆರಳು ತೂರಿಸಿ, ನೆಲಕ್ಕೆ ತಾಗಲು ಕೆಲವೇ ಅಂಗುಲ ಇದ್ದ ಚೆಂಡನ್ನು ಹಿಡಿದರು. ಆ ಬೆರಳುಗಳನ್ನು ನೀವು ಬರೆದಿದ್ದರೆ ಕನ್ನಡದ ಓದುಗರಿಗೆ ಆಟ ಕಣ್ಣಿಗೆ ಕಟ್ಟುತ್ತಿತ್ತು. ‘ಏಕಾಂಗಿಯಾಗಿ’ ಎಂಬ ಮಾತು ಅದನ್ನು ಮುಚ್ಚಿಬಿಟ್ಟಿದೆ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನಿರ್ವಿವಾದವಾಗಿ’ ಆರು ಕಡೆ ಬಂದಿದೆ, ಆರನ್ನೂ ತೆಗೆಯಿರಿ. ಹತ್ತು ಜನರೂ ‘ದಂತಕಥೆ’ ಆಗಿದ್ದಾರೆ. ಒಬ್ಬರಿಗೂ ಆ ಪದ ಬೇಡ. ಪ್ರತಿಯೊಬ್ಬರನ್ನೂ ಒಬ್ಬ ಕ್ರಿಕೆಟಿಗನಿಗೆ ಹೋಲಿಸುವ ಅಗತ್ಯವಿಲ್ಲ. ನಿಯಮಗಳನ್ನು ವಿವರಿಸುವ ಮೊದಲ ಎರಡು ಪುಟಗಳ ಬದಲು, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ ಎಂದರೆ ಸಾಕು. ಉಳಿದದ್ದು ದಾರಿಯಲ್ಲಿ ತಿಳಿಯುತ್ತದೆ.

ಈಗ ನನ್ನನ್ನು ತಡೆದು ನಿಲ್ಲಿಸಿದ ಭಾಗ. ಆರನೇ ಪುಟದಲ್ಲಿ, ನೀವು ಓಹಾಯೊಗೆ ಹೋದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಹಿರಿಯರು ಭಾನುವಾರದ ಪಂದ್ಯ ನೋಡಲು ಕರೆದದ್ದನ್ನು ಬರೆದಿದ್ದೀರಿ. ಜಿಮ್ ಬ್ರೌನ್ ಪ್ರತಿ ಸಲ ಕೆಡವಿಸಿಕೊಂಡ ಮೇಲೂ ಬೇಕೆಂದೇ ನಿಧಾನವಾಗಿ ಏಳುತ್ತಿದ್ದರು, ನಿಜವಾಗಿ ನೋವಾದ ದಿನ ಯಾವುದೆಂದು ಎದುರಾಳಿಗೆ ಗೊತ್ತಾಗಬಾರದೆಂದು. ಅದನ್ನು ತೋರಿಸಲು ಆ ಹಿರಿಯರು ಕುರ್ಚಿಯ ಕೈ ಹಿಡಿದು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು ಎಂದು ತಾವೇ ಎದ್ದು ನಿಂತರು. ಎಷ್ಟು ಚೆನ್ನಾಗಿ ನೋಡಿದ್ದೀರಿ! ಇದನ್ನು ಬರೆದ ಕೈಗೆ ಹತ್ತು ಹೆಸರುಗಳ ಪಟ್ಟಿ ಬೇಕಿಲ್ಲ.

ಲೇಖನ ಅಲ್ಲಿಂದ ಶುರುವಾಗಲಿ. ಇಬ್ಬರೇ ಸಾಕು, ಬ್ರೌನ್ ಮತ್ತು ಬ್ರೇಡಿ. ಬ್ರೇಡಿಯೇ ದೊಡ್ಡವರು ಎಂಬ ನಿಮ್ಮ ತೀರ್ಮಾನವನ್ನು ಬದಲಿಸಬೇಡಿ. ಆ ಹಿರಿಯರ ಎದುರು ನಿಲ್ಲುವಂತೆ ಅದನ್ನು ವಾದಿಸಿ. ಅವರು ಎದ್ದು ನಿಂತ ಮೇಲೆ ನೀವು ಬ್ರೇಡಿಯ ಹೆಸರು ಹೇಳಿದಿರಿ ಎಂದು ಬರೆದು ಪುಟ ಮುಗಿಸಿದ್ದೀರಿ. ಅದಕ್ಕೆ ಅವರು ಏನೆಂದರು? ಮುಂದಿನ ಕರಡಿನಲ್ಲಿ ಅದು ಇರಲಿ.

ವಿಶ್ವಾಸದಿಂದ,
ಸಂಪಾದಕ